ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಸಾಕೇ?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಂಚಿಕೆಯಲ್ಲಿ: ಹಳೆಯ ಕಾರಿನ ಎಸಿ

ಪ್ರಶ್ನೆ: ನಮ್ಮದು 2009ರ ಪೆಟ್ರೋಲ್ ಕಾರು. ಎರಡು ವಾರದಿಂದ ಎಸಿ ಹಾಕಿದ ಕೂಡಲೇ ಬಾನೆಟ್ ಒಳಗೆ ಗರಗರ ಸದ್ದು ಬರುತ್ತಿತ್ತು, ಈಗ ತಂಪೂ ಇಲ್ಲ. ಮನೆ ಹತ್ತಿರದ ಗ್ಯಾರೇಜಿನವರು ‘ಕಂಪ್ರೆಸರ್ ಹೋಗಿದೆ, ಬೆಳಿಗ್ಗೆ ಬಿಡಿ, ಸಂಜೆಗೆ ಹೊಸದು ಹಾಕಿ ಗ್ಯಾಸ್ ತುಂಬಿ ಕೊಡ್ತೀವಿ’ ಎನ್ನುತ್ತಾರೆ. ಇನ್ನೊಬ್ಬರು ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಎಲ್ಲವನ್ನೂ ಬದಲಿಸಬೇಕೆಂದು ಎರಡರಷ್ಟು ಹಣ ಹೇಳುತ್ತಾರೆ. ಯಾರ ಮಾತು ಸರಿ?
(ಓದುಗರು, ರಾಜಾಜಿನಗರ)

ಉತ್ತರ: ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪೇ ಕಂಪ್ರೆಸರ್. ಅಲ್ಲಿಂದ ಬರುವ ಬಿಸಿ ಗ್ಯಾಸನ್ನು ಕಂಡೆನ್ಸರ್ ತಣಿಸಿ ದ್ರವ ಮಾಡುತ್ತದೆ, ಡ್ರೈಯರ್ ತೇವ ಹೀರುತ್ತದೆ, ಎಕ್ಸ್‌ಪಾನ್ಷನ್ ವಾಲ್ವ್ ಆ ದ್ರವವನ್ನು ಸಣ್ಣ ರಂಧ್ರದಿಂದ ಕ್ಯಾಬಿನ್ ತಂಪು ಮಾಡುವ ಕೂಲಿಂಗ್ ಕಾಯಿಲ್‌ಗೆ ಬಿಡುತ್ತದೆ. ಹೋಗಿರುವುದು ಕಂಪ್ರೆಸರ್ರೇ ಎಂಬುದು ಮೊದಲು ಖಾತ್ರಿಯಾಗಲಿ. ಎಂಜಿನ್ ಓಡುತ್ತಿರುವಾಗ ಎಸಿ ಆಫ್ ಮಾಡಿ ಕಿವಿಗೊಟ್ಟು ಕೇಳಿ. ಆಗಲೂ ಸದ್ದು ನಿಲ್ಲದಿದ್ದರೆ ಪುಲ್ಲಿಯ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಎಸಿ ಆಫ್ ಇದ್ದರೂ ಪುಲ್ಲಿ ಬೆಲ್ಟ್ ಜೊತೆ ತಿರುಗುತ್ತಲೇ ಇರುತ್ತದೆ, ಒಳಗಿನ ಕಂಪ್ರೆಸರ್ ಮಾತ್ರ ನಿಂತಿರುತ್ತದೆ. ಬೇರಿಂಗ್ ಒಂದೇ ಹೋಗಿದ್ದರೆ ಅದನ್ನಷ್ಟೇ ಬದಲಿಸಬಹುದು, ಜಾಗ ಸಿಕ್ಕರೆ ಗ್ಯಾಸ್ ತೆಗೆಯುವ ಅಗತ್ಯವೂ ಇಲ್ಲ. ಎಸಿ ಹಾಕಿ, ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸುವ ಕ್ಲಚ್ ‘ಟಕ್’ ಎಂದು ಹಿಡಿದ ಮೇಲಷ್ಟೇ ಸದ್ದು ಶುರುವಾಗುತ್ತದೆ ಎಂದಾದರೆ ತೊಂದರೆ ಒಳಗಿನದು. ನೀವು ಬರೆದಿರುವುದನ್ನು ನೋಡಿದರೆ ಇದೇ ಇರಬೇಕು.

ಆದರೂ ಒತ್ತಡದ ಗೇಜ್ ಹಾಕಿಸಿ ನೋಡಿ. ಇಂದಿನ ಹೆಚ್ಚಿನ ಹಳೆಯ ಕಾರುಗಳಲ್ಲಿರುವುದು ಆರ್-134ಎ ಗ್ಯಾಸ್. ಎಂಜಿನ್ ನಿಂತು ತಣ್ಣಗಾಗಿರುವಾಗ, ಹೊರಗೆ 25 ಡಿಗ್ರಿ ಇದ್ದರೆ, ಕಡಿಮೆ ಒತ್ತಡದ ಮತ್ತು ಹೆಚ್ಚು ಒತ್ತಡದ ಕಡೆಯ ಎರಡೂ ಗೇಜುಗಳು 80 ಪಿಎಸ್‌ಐ ಆಸುಪಾಸು ತೋರಿಸಬೇಕು. ಹಾಗೆ ತೋರಿಸಿದರೆ ಒಳಗೆ ಸ್ವಲ್ಪವಾದರೂ ದ್ರವ ಗ್ಯಾಸ್ ಇದೆ ಎಂದಷ್ಟೇ ಅರ್ಥ; ಅಳತೆಗೆ ತಕ್ಕಷ್ಟಿದೆ ಎಂದಲ್ಲ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿದಾಗ ಕ್ಲಚ್ ಹಿಡಿದೂ ಎರಡು ಮುಳ್ಳುಗಳು ಅಲ್ಲಲ್ಲೇ ನಿಂತರೆ ಕಂಪ್ರೆಸರ್ ಪಂಪ್ ಮಾಡುತ್ತಿಲ್ಲ. ಕಡಿಮೆ ಒತ್ತಡದ ಮುಳ್ಳು ಸೊನ್ನೆಯತ್ತ ಕುಸಿದರೆ ಅದು ಬೇರೆ ಕಾಯಿಲೆ: ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿರಬಹುದು, ಇಲ್ಲವೇ ಗ್ಯಾಸ್ ತೀರಾ ಕಡಿಮೆ ಇರಬಹುದು.

ಕ್ಲಚ್ ಹಿಡಿಯುತ್ತಲೇ ಇಲ್ಲದಿದ್ದರೆ ಅದರ ಕನೆಕ್ಟರ್‌ಗೆ 12 ವೋಲ್ಟ್ ಬರುತ್ತಿದೆಯೇ ನೋಡಬೇಕು. ಬಾರದಿದ್ದರೆ ಫ್ಯೂಸ್, ರಿಲೇ, ಪ್ರೆಷರ್ ಸ್ವಿಚ್ ಇವುಗಳನ್ನು ಪರೀಕ್ಷಿಸಬೇಕು. ವೋಲ್ಟೇಜ್ ಬಂದೂ ಹಿಡಿಯದಿದ್ದರೆ ಕ್ಲಚ್ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆಯಿರಿ, ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಅದೂ ಸರಿಯಿದ್ದರೆ ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಸವೆದು ಅಗಲವಾಗಿರುತ್ತದೆ. 0.35ರಿಂದ 0.65 ಮಿ.ಮೀ. ಇರಬೇಕಾದ ಸಂದು 0.8 ದಾಟಿದರೆ ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಯುವ ಕ್ಲಚ್ ಮಧ್ಯಾಹ್ನ ಬಿಸಿಯಾದಾಗ ಬಿಟ್ಟುಬಿಡುತ್ತದೆ. ಸಂದಿನಲ್ಲಿರುವ ಒಂದು ತೆಳು ಶಿಮ್ (ಲೋಹದ ಬಿಲ್ಲೆ) ತೆಗೆದರೆ ಸರಿಹೋಗುವ ಇದಕ್ಕೆ ಇಡೀ ಕಂಪ್ರೆಸರ್ ಬದಲಿಸಿಕೊಂಡವರು ಬಹಳ ಮಂದಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಹಳೆಯ ಕಂಪ್ರೆಸರಿನ ಎಣ್ಣೆಯೇ ಹೇಳುತ್ತದೆ. ಗ್ಯಾಸ್ ತೆಗೆದ ಮೇಲೆ ಪೈಪ್ ಬಿಚ್ಚಿಸಿ, ಬಾಯಿಗೆ ಬಿಳಿ ಬಟ್ಟೆ ಒತ್ತಿ ನೋಡಿ. ಎಣ್ಣೆ ತಿಳಿಯಾಗಿದ್ದರೆ ಅಥವಾ ನಸುಹಳದಿ ಇದ್ದರೆ ಕಂಪ್ರೆಸರ್, ಡ್ರೈಯರ್ ಮತ್ತು ಓ-ರಿಂಗ್‌ಗಳು (ಪೈಪ್ ಜೋಡಣೆಯ ರಬ್ಬರ್ ಉಂಗುರಗಳು) ಸಾಕು. ಕಪ್ಪಗಿದ್ದು ಬಿಸಿಲಿಗೆ ಹಿಡಿದಾಗ ಬೆಳ್ಳಿಪುಡಿಯಂತೆ ಮಿನುಗಿದರೆ ಎರಡನೆಯವರ ಮಾತೇ ಸರಿ. ಒಳಗೆ ಪಿಸ್ಟನ್ ಸವೆದು ಉದುರಿದ ಅಲ್ಯೂಮಿನಿಯಂ ಪುಡಿ ಕಂಪ್ರೆಸರಿನಿಂದ ಹೊರಟು ಮೊದಲು ಹೊಕ್ಕುವುದು ಕಂಡೆನ್ಸರಿಗೆ. ಈಗಿನ ಕಂಡೆನ್ಸರ್‌ಗಳ ಚಪ್ಪಟೆ ಕೊಳವೆಯೊಳಗೆ ಬಲು ಸಣ್ಣ ಕಾಲುವೆಗಳು ಸಾಲಾಗಿರುತ್ತವೆ. ತೊಳೆಯಲು ಬಿಟ್ಟ ದ್ರವ ತೆರೆದ ಕಾಲುವೆಗಳಲ್ಲಿ ಹರಿದು ಹೋಗುತ್ತದೆ, ಕಟ್ಟಿಕೊಂಡವು ಕಟ್ಟಿಕೊಂಡೇ ಉಳಿಯುತ್ತವೆ. ಆದ್ದರಿಂದ ಅದನ್ನು ಬದಲಿಸುವುದೇ ದಾರಿ. ಹಾಗೇ ಬಿಟ್ಟರೆ ಉಳಿದ ಪುಡಿ ತಿಂಗಳೊಪ್ಪತ್ತಿನಲ್ಲಿ ಹೊಸ ಕಂಪ್ರೆಸರನ್ನೂ ತಿನ್ನುತ್ತದೆ. ಹೀಗೆ ಹೋದ ಎರಡನೆಯ ಕಂಪ್ರೆಸರಿಗೆ ವಾರಂಟಿಯೂ ಸಿಗುವುದು ಕಷ್ಟ. ಡ್ರೈಯರ್ ಬದಲಿಸಿದ, ಸಿಸ್ಟಂ ತೊಳೆದ ಬಿಲ್ ಇದೆಯೇ ಎಂದು ಅಂಗಡಿಯವರು ಮೊದಲು ಕೇಳುತ್ತಾರೆ.

ಪ್ರಶ್ನೆ: ಬ್ರೇಕ್, ಕ್ಲಚ್ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ವ್ಯಾಕ್ಯೂಮ್ ಪಂಪ್, ಗೇಜ್ ಸೆಟ್ ಬಾಡಿಗೆಗೆ ಸಿಗುತ್ತವೆ. ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್ ಮೂರನ್ನೂ ತಂದಿದ್ದೇನೆ. ಕೆಲಸದ ಕ್ರಮ ತಿಳಿಸಿ. ಎಲ್ಲಿ ಎಚ್ಚರ ಬೇಕು?
(ಓದುಗರು, ಕೆಂಗೇರಿ)

ಉತ್ತರ: ಬೋಲ್ಟ್ ಬಿಚ್ಚಿ ಬಿಗಿಯುವುದು ಇಲ್ಲಿ ಸುಲಭದ ಭಾಗ. ಕೆಲಸ ಕೆಡುವುದು ಎಣ್ಣೆಯ ಅಳತೆಯಲ್ಲಿ, ತೇವಾಂಶದಲ್ಲಿ, ಗ್ಯಾಸಿನ ತೂಕದಲ್ಲಿ.

ಶುರು ಮಾಡುವ ಮುನ್ನ ಕಾರನ್ನು ಎಸಿ ಅಂಗಡಿಗೆ ಒಯ್ದು, ಉಳಿದಿರುವ ಗ್ಯಾಸನ್ನು ರಿಕವರಿ ಮೆಷಿನ್ನಿನಲ್ಲಿ ತೆಗೆಸಿ. ಗಾಳಿಗೆ ಬಿಡಬೇಡಿ. ಒಂದು ಕಿಲೋ ಆರ್-134ಎ ವಾತಾವರಣಕ್ಕೆ ಸೇರಿದರೆ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅದು ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ, ಹಾಗಾಗಿ ಕೈಗೆ ಕಣ್ಣಿಗೆ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಕನ್ನಡಕ, ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಹತ್ತಿರ ಬೆಂಕಿ ಇರಕೂಡದು. ಈ ಗ್ಯಾಸ್ ಜ್ವಾಲೆಗೆ ಸಿಕ್ಕರೆ ವಿಷದ ಹೊಗೆಯಾಗುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಬೆಲ್ಟ್ ಸಡಿಲಿಸಿ, ಕ್ಲಚ್ ಕನೆಕ್ಟರ್ ತೆಗೆದು, ಎರಡು ಪೈಪ್‌ಗಳನ್ನು ಬಿಚ್ಚಿ. ಬಿಚ್ಚಿದ ಪ್ರತಿಯೊಂದು ಬಾಯಿಯನ್ನೂ ಆ ಕ್ಷಣವೇ ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡಿನಿಂದ ಮುಚ್ಚಿ. ಒಳಗಿನ ಪಿಎಜಿ ಎಂಬ ಸಿಂಥೆಟಿಕ್ ಎಣ್ಣೆ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹಿಡಿದಿದ್ದರೆ ಇನ್ನಷ್ಟು ಎಚ್ಚರ ಬೇಕು.

ಹಳೆಯ ಕಂಪ್ರೆಸರನ್ನು ತಲೆಕೆಳಗು ಮಾಡಿ, ಮುಂದಿನ ಕ್ಲಚ್ ತಟ್ಟೆಯನ್ನು ಕೈಯಿಂದ ತಿರುಗಿಸುತ್ತ ಎಣ್ಣೆಯನ್ನೆಲ್ಲ ಒಂದು ಅಳತೆ ಲೋಟಕ್ಕೆ ಬಸಿಯಿರಿ. ಈ ಅಳತೆಯನ್ನು ಬರೆದಿಟ್ಟುಕೊಳ್ಳಲೇಬೇಕು. ಹೊಸ ಕಂಪ್ರೆಸರಿನಲ್ಲಿ ಸಾಮಾನ್ಯವಾಗಿ ಇಡೀ ಸಿಸ್ಟಮ್ಮಿಗೆ ಬೇಕಾದಷ್ಟು ಎಣ್ಣೆ ತುಂಬಿಯೇ ಬರುತ್ತದೆ. ನಿಮ್ಮ ಕಾರಿನ ಪೈಪು, ಕೂಲಿಂಗ್ ಕಾಯಿಲ್‌ಗಳಲ್ಲಿ ಹಳೆಯ ಎಣ್ಣೆ ಉಳಿದಿರುವಾಗ ಅದರ ಮೇಲೆ ಇಷ್ಟನ್ನೂ ಬಿಟ್ಟರೆ ಎಣ್ಣೆ ಅತಿಯಾಗಿ ಕಾಯಿಲ್ ಗೋಡೆಗೆ ಅಂಟಿ ತಂಪು ಕಡಿಮೆಯಾಗುತ್ತದೆ. ಹಾಗೆಂದು ಕಡಿಮೆ ಹಾಕಿದರೆ ಕಂಪ್ರೆಸರ್ ಜಾಮ್. ಲೆಕ್ಕ ಹೀಗೆ: ಹಳೆಯದರಿಂದ 50 ಮಿ.ಲೀ. ಬಂದಿದ್ದರೆ ಹೊಸದರಲ್ಲಿ 50 ಉಳಿಸಿ, ಕಂಡೆನ್ಸರ್ ಬದಲಿಸಿದ್ದಕ್ಕೆ ಸುಮಾರು 40, ಡ್ರೈಯರಿಗೆ 10 ಸೇರಿಸಿ. ಒಟ್ಟು 100 ಮಿ.ಲೀ. ಉಳಿಸಿ ಮಿಕ್ಕಿದ್ದನ್ನು ಹೊರಗೆ ಬಸಿಯಿರಿ. ಹಳೆಯ ಎಣ್ಣೆ ಕಪ್ಪಾಗಿದ್ದು ಇಡೀ ಸಿಸ್ಟಮ್ಮನ್ನೇ ತೊಳೆದು ಒಣಗಿಸಿದ್ದರೆ ಮಾತ್ರ ಈ ಲೆಕ್ಕ ಬೇಡ, ಕೈಪಿಡಿಯಲ್ಲಿ ಹೇಳಿದ ಪೂರ್ತಿ ಅಳತೆ ಬೇಕು. ಎಣ್ಣೆಯ ಜಾತಿ ಕಂಪ್ರೆಸರ್ ಮೇಲಿನ ಚೀಟಿಯಲ್ಲಿರುತ್ತದೆ: ಪಿಎಜಿ 46, ಪಿಎಜಿ 100 ಹೀಗೆ. ಒಂದರ ಬದಲು ಇನ್ನೊಂದು ನಡೆಯುತ್ತದೆ ಎನ್ನುವವರ ಮಾತು ಕೇಳಬೇಡಿ.

ತೊಳೆಯುವುದಾದರೆ ಪೈಪು ಮತ್ತು ಕೂಲಿಂಗ್ ಕಾಯಿಲ್ ಮಾತ್ರ, ಅದೂ ಎಕ್ಸ್‌ಪಾನ್ಷನ್ ವಾಲ್ವ್ ಬಿಚ್ಚಿದ ಮೇಲೆ. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಕೈ ಹೋಗುತ್ತದೆ, ಕೆಲವಕ್ಕೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಎಸಿ ತೊಳೆಯಲೆಂದೇ ಬರುವ ದ್ರವ ಬಳಸಿ, ನೈಟ್ರೋಜನ್ ಊದಿ ಪೂರ್ತಿ ಒಣಗಿಸಿ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಬೇಡವೇ ಬೇಡ: ಉಳಿದ ಹನಿ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ, ಓ-ರಿಂಗ್‌ಗಳನ್ನು ಊದಿಸುತ್ತದೆ.

ಎಲ್ಲ ಜೋಡಣೆಗೂ ಹೊಸ ಓ-ರಿಂಗ್, ಹಾಕುವ ಮುನ್ನ ಎಣ್ಣೆ ಸವರಿ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಇಲ್ಲಿ ಕೂಡದು. ಕಂಡೆನ್ಸರ್, ಕಂಪ್ರೆಸರ್ ಎಲ್ಲ ಕೂತ ಮೇಲೆ ಕಟ್ಟಕಡೆಗೆ ಡ್ರೈಯರಿನ ಮುಚ್ಚಳ ತೆಗೆದು ಜೋಡಿಸಿ. ಅದರೊಳಗಿರುವುದು ತೇವ ಹೀರುವ ಕಾಳು. ಅರ್ಧ ದಿನ ಬಾಯಿ ತೆರೆದಿಟ್ಟರೆ ಹೀರುವ ಶಕ್ತಿ ಅಲ್ಲೇ ಮುಗಿಯುತ್ತದೆ.

ವ್ಯಾಕ್ಯೂಮಿಗೆ ಮುನ್ನ ನೈಟ್ರೋಜನ್ ತುಂಬಿ ಸುಮಾರು 150 ಪಿಎಸ್‌ಐನಲ್ಲಿ ನಿಲ್ಲಿಸಿ ಸೋಪು ನೀರು ಹಚ್ಚಿ ನೋಡಿ. ಆಮ್ಲಜನಕದ ಸಿಲಿಂಡರನ್ನು ಇದಕ್ಕೆ ಎಂದೂ ಬಳಸಬಾರದು, ಎಣ್ಣೆಯೊಡನೆ ಸೇರಿ ಸಿಡಿಯುತ್ತದೆ. ಸೋರಿಕೆ ಇಲ್ಲವೆಂದಾದರೆ 45 ನಿಮಿಷ ವ್ಯಾಕ್ಯೂಮ್. ಆಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ 20 ನಿಮಿಷ ಮುಳ್ಳನ್ನೇ ಗಮನಿಸಿ. ಏರುತ್ತಲೇ ಹೋದರೆ ಸೋರಿಕೆ. ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ, ಇನ್ನೊಂದು ಸುತ್ತು ಪಂಪ್ ಓಡಿಸಿ.

ಗ್ಯಾಸನ್ನು ತೂಕದಿಂದಲೇ ತುಂಬಬೇಕು. ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲಿರುತ್ತದೆ. ಸಿಲಿಂಡರನ್ನು ತಕ್ಕಡಿ ಮೇಲಿಟ್ಟು, ಎಂಜಿನ್ ನಿಲ್ಲಿಸಿರುವಾಗ ಹೆಚ್ಚು ಒತ್ತಡದ ಕಡೆಯಿಂದ ದ್ರವ ರೂಪದಲ್ಲಿ ಆದಷ್ಟು ಬಿಡಿ. ಆ ವಾಲ್ವ್ ಮುಚ್ಚಿ, ಕಂಪ್ರೆಸರ್ ತಟ್ಟೆಯನ್ನು ಕೈಯಿಂದ ಹತ್ತು ಹದಿನೈದು ಸುತ್ತು ತಿರುಗಿಸಿ. ಕಂಪ್ರೆಸರಿನೊಳಗೆ ನಿಂತ ಎಣ್ಣೆ, ದ್ರವ ಸರಿದುಹೋಗದೆ ಎಂಜಿನ್ ಚಾಲೂ ಮಾಡಿದರೆ ಮೊದಲ ಸುತ್ತಿಗೇ ಒಳಗಿನ ಎಲೆವಾಲ್ವ್ ಮುರಿಯಬಹುದು. ಆಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಉಳಿದ ಗ್ಯಾಸನ್ನು ಕಡಿಮೆ ಒತ್ತಡದ ಕಡೆಯಿಂದ, ಸಿಲಿಂಡರ್ ನೆಟ್ಟಗಿಟ್ಟು, ಆವಿಯಾಗಿಯೇ ಬಿಡಿ. ಎಂಜಿನ್ ಓಡುವಾಗ ಹೆಚ್ಚು ಒತ್ತಡದ ವಾಲ್ವ್ ತೆರೆದರೆ ಒತ್ತಡ ತಿರುಗಿ ಗ್ಯಾಸ್ ಡಬ್ಬಿಗೇ ನುಗ್ಗಿ ಅದು ಸಿಡಿಯುವ ಅಪಾಯವಿದೆ.

ಹೊಸ ಕ್ಲಚ್‌ನ ಮೈ ಪಳಗಲು ಎಸಿಯನ್ನು ಹತ್ತು ಹತ್ತು ಸೆಕೆಂಡಿನಂತೆ 15ರಿಂದ 20 ಸಲ ಆನ್-ಆಫ್ ಮಾಡಿ. ಕೊನೆಗೆ 1,500 ಆರ್‌ಪಿಎಂನಲ್ಲಿ, ಬ್ಲೋವರ್ ಪೂರ್ತಿ, ಒಳಗಾಳಿಯೇ ಸುತ್ತುವಂತೆ ಇಟ್ಟು ಹತ್ತು ನಿಮಿಷ ಓಡಿಸಿ. ಹೊರಗೆ 30 ಡಿಗ್ರಿ ಇದ್ದರೆ ಕಡಿಮೆ ಒತ್ತಡ 25ರಿಂದ 40, ಹೆಚ್ಚು ಒತ್ತಡ 170ರಿಂದ 230 ಪಿಎಸ್‌ಐ ಒಳಗಿದ್ದು, ನಡುವಿನ ಕಿಂಡಿಯಲ್ಲಿಟ್ಟ ಥರ್ಮಾಮೀಟರ್ 10 ಡಿಗ್ರಿಗಿಂತ ಕೆಳಗಿಳಿದರೆ ಕೆಲಸ ಚೆನ್ನಾಗಿ ಆಗಿದೆ.

ಪ್ರಶ್ನೆ: ವ್ಯಾಕ್ಯೂಮ್ ಎಳೆಯುವಾಗ ಮುಳ್ಳು 30 ಇಂಚಿಗೆ ಬರಬೇಕು ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ಎಷ್ಟು ಹೊತ್ತು ಓಡಿಸಿದರೂ 27ರ ಹತ್ತಿರವೇ ನಿಲ್ಲುತ್ತದೆ. ಪಂಪ್ ಕೆಟ್ಟಿದೆಯೇ?
(ಓದುಗರು, ಯಲಹಂಕ)

ಉತ್ತರ: ಪಂಪ್ ಚೆನ್ನಾಗಿದೆ, ಎತ್ತರದಲ್ಲಿರುವುದು ಊರು. 30 ಇಂಚಿನ ಲೆಕ್ಕ ಮಂಗಳೂರು, ಚೆನ್ನೈಗಳಂಥ ಸಮುದ್ರ ಮಟ್ಟದ ಊರುಗಳದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಪಾದರಸದ 27 ಇಂಚಿಗಿಂತ ಕೊಂಚ ಕಡಿಮೆ. ಇರುವ ಒತ್ತಡಕ್ಕಿಂತ ಹೆಚ್ಚು ಎಳೆಯಲು ಯಾವ ಪಂಪಿಗೂ ಆಗದು.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವ್ಯಾಕ್ಯೂಮಿನ ಉದ್ದೇಶ ಗಾಳಿ ತೆಗೆಯುವುದಷ್ಟೇ ಅಲ್ಲ, ಒಳಗಿನ ನೀರನ್ನು ಕುದಿಸಿ ಹೊರಹಾಕುವುದು ಕೂಡ. 25 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ ಒಂದು ಇಂಚಿಗಿಂತ ಕೆಳಗಿಳಿಯಬೇಕು. ಅಂದರೆ ನಿಮ್ಮ ಗೇಜ್ 26 ದಾಟಲೇಬೇಕು. ಮುಳ್ಳು 25ರಲ್ಲಿ ನಿಂತು ‘ಬೆಂಗಳೂರಲ್ಲಿ ಇಷ್ಟೇ ಬರೋದು’ ಎಂದರೆ ಒಪ್ಪಬೇಡಿ. ಆಗ ನೀರು ಒಳಗೇ ಉಳಿದಿರುತ್ತದೆ, ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಮಂಜಾಗಿ ಕಟ್ಟಿಕೊಳ್ಳುತ್ತದೆ. ಹತ್ತು ನಿಮಿಷ ತಂಪಾಗಿ ಬಂದು, ಆಮೇಲೆ ಬಿಸಿಗಾಳಿ ಬಂದು, ನಿಲ್ಲಿಸಿ ಹಾಕಿದರೆ ಮತ್ತೆ ತಂಪು ಬರುವ ಕಾರುಗಳ ಗುಟ್ಟು ಬಹುಪಾಲು ಇದೇ. ಮುಳ್ಳು ಹಾಗೆ 25ರಲ್ಲೇ ನಿಂತರೆ ಪಂಪಿನ ಎಣ್ಣೆ ಬದಲಿಸಿ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ನೀರು ಕುಡಿದಿದೆ.

ಪ್ರಶ್ನೆ: ಮೂರು ತಿಂಗಳ ಹಿಂದೆ ಹೊಸ ಕಂಪ್ರೆಸರ್ ಹಾಕಿಸಿದೆ. ಏರ್‌ಪೋರ್ಟ್ ರಸ್ತೆಯಲ್ಲಿ ಚಳಿ ಆಗುವಷ್ಟು ತಂಪು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಐದೇ ನಿಮಿಷಕ್ಕೆ ಬೆಚ್ಚಗಿನ ಗಾಳಿ. ಗ್ಯಾಸ್ ಕಡಿಮೆ ಇದೆ ಎಂದು ಮತ್ತೆ ತುಂಬಿದರು, ಇನ್ನೂ ಕೆಟ್ಟಿತು.
(ಓದುಗರು, ಬೊಮ್ಮನಹಳ್ಳಿ)

ಉತ್ತರ: ದಯವಿಟ್ಟು ಇದನ್ನು ಈ ವಾರವೇ ಸರಿಪಡಿಸಿಕೊಳ್ಳಿ. ಹಳೆಯ ಕಂಪ್ರೆಸರನ್ನು ಕೊಂದದ್ದು ಬಹುಶಃ ಇದೇ, ಹೊಸದನ್ನೂ ಕೊಲ್ಲುತ್ತದೆ.

ಕಾರು ಓಡುವಾಗ ಕಂಡೆನ್ಸರಿಗೆ ಗಾಳಿ ತಾನಾಗಿ ಬಡಿಯುತ್ತದೆ. ನಿಂತಾಗ ಫ್ಯಾನ್ ಒಂದೇ ಆಧಾರ. ಬಾನೆಟ್ ತೆರೆದು ಎಸಿ ಹಾಕಿ, ಫ್ಯಾನ್ ತಿರುಗುತ್ತಿದೆಯೇ ನೋಡಿ. ಬೆರಳು ಹತ್ತಿರ ಒಯ್ಯಬೇಡಿ. ತಿರುಗಿದರೂ ಸಾಲದು. ಗ್ರಿಲ್ ಮುಂದೆ ಪತ್ರಿಕೆಯ ಹಾಳೆ ಹಿಡಿದರೆ ಅದು ಎಳೆದುಕೊಂಡು ಅಂಟಬೇಕು. ಹಳೆಯ ಮೋಟಾರಿನ ಕಾರ್ಬನ್ ಬ್ರಷ್ ಸವೆದರೆ ತಣ್ಣಗಿದ್ದಾಗ ಜೋರಾಗಿ ತಿರುಗಿ, ಬಿಸಿಯಾದ ಮೇಲೆ ಸೋಮಾರಿಯಾಗುತ್ತದೆ. ಆದ್ದರಿಂದ ಇಪ್ಪತ್ತು ನಿಮಿಷ ಓಡಿದ ಮೇಲೆ ಪರೀಕ್ಷಿಸಿ. ಒಮ್ಮೆ ಕಂಡೆನ್ಸರ್ ಮೇಲೆ ಒಂದು ಮಗ್ ನೀರು ಚಿಮುಕಿಸಿ. ಒಳಗೆ ಕೂಡಲೇ ತಂಪು ಬಂದರೆ ಗಾಳಿಯ ಕೊರತೆಯೇ ಕಾರಣವೆಂದು ಖಚಿತ.

ಫ್ಯಾನ್ ಸರಿಯಿದ್ದರೆ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಸ್ವಚ್ಛವಾಗಿ ಕಂಡರೂ ಅಲ್ಲಿ ಧೂಳು, ಒಣಹೂವು, ಎಲೆಪುಡಿ ಕಂಬಳಿಯ ಹಾಗೆ ಕೂತಿರುತ್ತದೆ. ಸಣ್ಣ ಧಾರೆಯ ನೀರಿನಿಂದ ತೊಳೆಯಿರಿ. ವಾಟರ್ ವಾಶ್‌ನ ಜೋರು ಗನ್ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತವೆ.

ಇನ್ನು ಆ ಹೆಚ್ಚುವರಿ ಗ್ಯಾಸ್. ಪೂರ್ತಿ ಹೊರತೆಗೆಸಿ, ಚೀಟಿಯಲ್ಲಿರುವ ಗ್ರಾಂ ಪ್ರಕಾರ ಹೊಸದಾಗಿ ತುಂಬಿಸಿ. ಅಂದಾಜಿನಲ್ಲಿ ಸ್ವಲ್ಪ ಬಿಡುವ ಕೆಲಸ ಬೇಡ. ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜ್’ ಎಂದಷ್ಟೇ ಬರೆದರೆ ಎಷ್ಟು ಗ್ರಾಂ ಎಂದು ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಹೊಸ ಕಂಪ್ರೆಸರಿನ ಬೆಲೆ ಕೇಳಿ ಹೆದರಿಕೆಯಾಯಿತು. ಶಿವಾಜಿನಗರದ ಗುಜರಿಯಲ್ಲಿ ಹಳೆಯದು ತಂದರೆ ಹೇಗೆ?
(ಓದುಗರು, ಕಮ್ಮನಹಳ್ಳಿ)

ಉತ್ತರ: ಕಾರನ್ನು ಇನ್ನೊಂದೆರಡು ವರ್ಷವಷ್ಟೇ ಇಟ್ಟುಕೊಳ್ಳುವುದಾದರೆ ಯೋಚಿಸಬಹುದು. ಆದರೆ ಬಾಯಿ ತೆರೆದು ಧೂಳಿನಲ್ಲಿ ಬಿದ್ದಿರುವುದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಬಾಯಿಗಳಿಗೆ ಮುಚ್ಚಳ ಇರಬೇಕು. ತಟ್ಟೆ ತಿರುಗಿಸಿದರೆ ನುಣ್ಣಗೆ, ಸಮನಾಗಿ ತಿರುಗಬೇಕು, ಎಲ್ಲೂ ಕರಕರ ಎನ್ನಬಾರದು. ಗ್ಯಾಸ್ ಹೊರಡುವ ಬಾಯಿಗೆ ಹೆಬ್ಬೆರಳು ಒತ್ತಿ ತಿರುಗಿಸಿದಾಗ ಗಾಳಿ ಬೆರಳನ್ನು ತಳ್ಳಬೇಕು. ಒಳಗಿನ ಎಣ್ಣೆ ತಿಳಿಯಾಗಿರಬೇಕು. ಚೀಟಿಯ ನಂಬರ್, ಬೋಲ್ಟ್ ಕೂರುವ ಕಿವಿಗಳ ಅಂತರ, ಪುಲ್ಲಿಯ ಗೀರುಗಳ ಸಂಖ್ಯೆ ಹೊಂದಬೇಕು. ಕ್ಲಚ್ 12 ವೋಲ್ಟಿನದೇ ಎಂದು ನೋಡಿ, ಲಾರಿ ಬಸ್ಸುಗಳದು 24 ಇರುತ್ತದೆ. ಹಳೆಯದನ್ನು ಹಾಕಿದರೂ ಡ್ರೈಯರ್ ಮಾತ್ರ ಹೊಸದೇ ಆಗಬೇಕು.

ನಾಲ್ಕೈದು ವರ್ಷ ಇಟ್ಟುಕೊಳ್ಳುವ ಕಾರಿಗೆ ನಮ್ಮ ಸಲಹೆ ಹೊಸದೇ. ಹಳೆಯ ಕಂಪ್ರೆಸರನ್ನು ಬಿಚ್ಚಿ ಕೈಯಲ್ಲೇ ಹಿಡಿದು ಜೆ.ಸಿ. ರಸ್ತೆಯ ಎರಡು ಮೂರು ಅಂಗಡಿಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಕಾರಿನ ಹೆಸರು ಹೇಳಿ ತಂದದ್ದು ಹೊಂದದೆ ವಾಪಸಾಗುವುದೇ ಹೆಚ್ಚು, ಒಂದೇ ಮಾಡೆಲ್ಲಿಗೆ ವರ್ಷದಿಂದ ವರ್ಷಕ್ಕೆ ಕಂಪ್ರೆಸರ್ ಬದಲಾಗಿರುತ್ತದೆ.

ಪ್ರಶ್ನೆ: ತಂದೆಯವರ 1992ರ ಕಾರನ್ನು ಉಳಿಸಿಕೊಂಡಿದ್ದೇವೆ. ಕಂಪ್ರೆಸರ್ ಜಾಮ್ ಆಗಿದೆ. ಹಳೆಯ ಆರ್-12 ಗ್ಯಾಸ್ ಸಿಗುತ್ತದೆಯೇ?
(ಓದುಗರು, ಜಯನಗರ)

ಉತ್ತರ: ಅದರ ಆಸೆ ಬಿಡಿ. ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ಭಾರತದಲ್ಲಿ ಆರ್-12 ನಿಂತಿತು. ಕಂಪ್ರೆಸರ್ ಹೇಗೂ ಬದಲಾಗಬೇಕಿರುವುದರಿಂದ ಆರ್-134ಎಗೆ ಬದಲಿಸಲು ಇದೇ ಸಮಯ. ಹಳೆಯ ಮಿನರಲ್ ಎಣ್ಣೆ ಹೊಸ ಗ್ಯಾಸಿನೊಡನೆ ಬೆರೆಯುವುದಿಲ್ಲ, ಕಂಪ್ರೆಸರಿಗೆ ಮರಳಿ ಬರುವುದೂ ಇಲ್ಲ. ಹಾಗಾಗಿ ಸಿಸ್ಟಮ್ಮನ್ನು ಪೂರ್ತಿ ತೊಳೆಯಿಸಿ. ಡ್ರೈಯರ್ ಆರ್-134ಎಗೆ ಹೊಂದುವಂಥದ್ದೇ ಇರಲಿ. ಹಳೆಯ ರಬ್ಬರ್ ಹೋಸ್‌ಗಳಿಂದ ಹೊಸ ಗ್ಯಾಸ್ ನಿಧಾನವಾಗಿ ಜಿನುಗುತ್ತದೆ, ಅವನ್ನೂ ಒಳಪದರ ಇರುವ ಹೋಸ್‌ಗೆ ಬದಲಿಸಿ. ಹಳೆಯ ಅಳತೆಯ 80ರಿಂದ 90 ಪ್ರತಿಶತ ತೂಕದಷ್ಟು ಗ್ಯಾಸ್ ಸಾಕು. ಜಾಗವಿದ್ದರೆ ಹೊಸ ಬಗೆಯ, ಸ್ವಲ್ಪ ದೊಡ್ಡ ಕಂಡೆನ್ಸರ್ ಹಾಕಿಸಿ, ಇಲ್ಲದಿದ್ದರೆ ಸಿಗ್ನಲ್ಲಿನಲ್ಲಿ ತಂಪು ಸಾಲದು. ಅಡುಗೆ ಅನಿಲ ಬೆರೆಸಿದ ಅಗ್ಗದ ಗ್ಯಾಸ್ ತುಂಬಿಕೊಡುತ್ತೇವೆ ಎನ್ನುವವರಿದ್ದಾರೆ. ಕೂಲಿಂಗ್ ಕಾಯಿಲ್ ಇರುವುದು ನೀವು ಕೂರುವ ಕ್ಯಾಬಿನ್ನಿನ ಒಳಗೆ. ಅಲ್ಲಿ ಸೋರಿದರೆ ಒಂದು ಕಿಡಿ ಸಾಕು.

ಪ್ರಶ್ನೆ: ನಮ್ಮ ಹವೆಗೆ ಎಸಿ ಬೇಕಾಗುವುದು ಮಾರ್ಚ್‌ನಿಂದ ಮೇವರೆಗೆ ಮಾತ್ರ. ಉಳಿದಂತೆ ಮುಟ್ಟುವುದೇ ಇಲ್ಲ. ಆದರೂ ಪ್ರತಿ ವರ್ಷ ಗ್ಯಾಸ್ ಹೇಗೆ ಖಾಲಿಯಾಗುತ್ತದೆ?
(ಓದುಗರು, ಮಲ್ಲೇಶ್ವರ)

ಉತ್ತರ: ಮುಟ್ಟದೆ ಇರುವುದರಿಂದಲೇ ಇರಬಹುದು. ಕಂಪ್ರೆಸರ್ ಶಾಫ್ಟ್ ಹೊರಬರುವಲ್ಲಿ ಒಂದು ಸೀಲ್ ಇದೆ. ಗ್ಯಾಸಿನೊಡನೆ ಸುತ್ತುವ ಎಣ್ಣೆಯಿಂದ ಅದು ಒದ್ದೆಯಾಗಿರಬೇಕು. ತಿಂಗಳುಗಟ್ಟಲೆ ಓಡದಿದ್ದರೆ ಸೀಲ್ ಒಣಗಿ ಅಲ್ಲಿಂದ ಗ್ಯಾಸ್ ಜಿನುಗುತ್ತದೆ. ಗ್ಯಾಸ್ ಕಡಿಮೆಯಾದರೆ ಎಣ್ಣೆಯನ್ನು ಹೊತ್ತು ತರುವವರಿಲ್ಲ, ಏಪ್ರಿಲ್ ಬಿಸಿಲಲ್ಲಿ ಕಂಪ್ರೆಸರ್ ಒಣಗಿಯೇ ಓಡಿ ಸವೆಯುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ, ಡಿಸೆಂಬರಿನಲ್ಲೂ. ಮಳೆಗಾಲದಲ್ಲಿ ಮುಂದಿನ ಗಾಜಿನ ಮಂಜು ತೆಗೆಯಲು ಹೇಗೂ ಬೇಕಾಗುತ್ತದೆ.

ಈಗಾಗಲೇ ಸೋರುತ್ತಿದ್ದರೆ ಯುವಿ ಡೈ ಹಾಕಿಸಿ, ಒಂದು ವಾರ ಓಡಿಸಿ, ಕತ್ತಲಲ್ಲಿ ನೀಲಿ ದೀಪ ಹಿಡಿದು ಹಸಿರು ಹೊಳಪು ಎಲ್ಲಿದೆ ನೋಡಿ. ಪೈಪ್ ಜೋಡಣೆಯ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ್ದರೆ ಡೈ ಕೂಡ ಬೇಕಿಲ್ಲ, ಸೋರಿಕೆ ಅಲ್ಲೇ. ಸೋರಿಕೆ ಮುಚ್ಚುವ ದ್ರವ ಬೆರೆಸಿದ ಡಬ್ಬಿಗಳನ್ನು ಮಾತ್ರ ಹಾಕಿಸಬೇಡಿ. ಅದು ಎಕ್ಸ್‌ಪಾನ್ಷನ್ ವಾಲ್ವ್‌ನ ಸೂಜಿರಂಧ್ರವನ್ನೂ ಮುಚ್ಚುತ್ತದೆ, ಗ್ಯಾರೇಜಿನ ರಿಕವರಿ ಮೆಷಿನ್ನನ್ನೂ ಕೆಡಿಸುತ್ತದೆ.